ಪೇಟಕ್ಕೆ ಜಾಗ ಬಿಟ್ಟ ಕಾರು

ಹರಿಹರದಲ್ಲಿ ಶಿವಯೋಗಪ್ಪ ಎಂಬ ಶಾಮಿಯಾನದ ಸಾಹುಕಾರನಿದ್ದ. ಅವನಿಗೆ ಅಪ್ಪನಿಂದ ಬಂದದ್ದು ಎರಡು. ಒಂದು ಹಳೆಯ ಅಂಬಾಸಿಡರ್ ಕಾರು. ಇನ್ನೊಂದು, ಆ ಕಾರನ್ನು ಓಡಿಸುವ ಓಬಳೇಶ.

ಕಾರು ಮದುವೆ ಮೆರವಣಿಗೆಗೆ ಬಾಡಿಗೆ ಹೋಗುತ್ತಿತ್ತು. ಹಿಂದಿನ ಸೀಟಿನಲ್ಲಿ ಮದುಮಗ, ಮುಂದಿನ ಸೀಟಿನಲ್ಲಿ ಓಬಳೇಶ. ಇಪ್ಪತ್ತೆರಡು ವರ್ಷಗಳಲ್ಲಿ ಮದುಮಗ ಪ್ರತಿ ಸಲ ಬದಲಾಗಿದ್ದ. ಓಬಳೇಶ ಬದಲಾಗಿರಲಿಲ್ಲ. ಅವನು ಆರಡಿ ಮೂರಂಗುಲದ ಆಳು. ಬೇರೆಯವರ ಮನೆಗೆ ಹೋದರೆ ಬಾಗಿಲಿಗೂ ಬಾಗುತ್ತಿದ್ದ, ಫ್ಯಾನಿಗೂ ಬಾಗುತ್ತಿದ್ದ. ಯಾರಾದರೂ ಪಾಪ ಅಂದರೆ, "ಏನಿಲ್ಲ ಬಿಡ್ರಿ, ಹೊಂದ್ಕೊಂಡು ಹೋಗ್ತೀನಿ" ಅನ್ನುತ್ತಿದ್ದ. ಹಾಗೆ ಅಂದು ಅಂದು ಆ ಮಾತು ಅವನ ಹೆಸರಿನಷ್ಟೇ ಸಲೀಸಾಗಿ ಬಾಯಿಗೆ ಬರುತ್ತಿತ್ತು.

ಒಂದು ಆಷಾಢ. ಮದುವೆಗಳಿಲ್ಲ, ಕಾರು ಖಾಲಿ ನಿಂತಿತ್ತು. ಶಿವಯೋಗಪ್ಪ ಮೊಬೈಲಿನಲ್ಲಿ ಒಂದು ಚಿತ್ರ ನೋಡಿದ. ಯಾವುದೋ ದೂರದ ದೇಶದ ಹಳೇ ಕಾರು. ಅದರ ಟಾಪಿನ ಕಂಬಗಳನ್ನು ಕೊಯ್ದು, ಗಿಡ್ಡ ಮಾಡಿ, ಮತ್ತೆ ಕೂರಿಸಿದ್ದರು. ಗಾಜುಗಳು ಕಿಂಡಿಯಷ್ಟಾಗಿ, ಕಾರು ಮೈ ಹುದುಗಿಸಿ ಕೂತ ಹುಲಿಯ ಹಾಗೆ ಕಾಣುತ್ತಿತ್ತು.

"ನಮ್ಮದನ್ನೂ ಹಿಂಗೇ ಮಾಡ್ಸೋಣ. ಮದುವೆ ಮನೆಯೋರು ಸಾಲು ಹಚ್ಚಿ ಬುಕ್ ಮಾಡ್ತಾರೆ" ಎಂದ.

ಗ್ಯಾರೇಜ್ ಸಾಲಿನ ಟಿಂಕರ್ ದಸ್ತಗೀರ್ ಮೇಸ್ತ್ರಿಯ ಬಳಿಗೆ ಕಾರು ಹೋಯಿತು. ಮೇಸ್ತ್ರಿ ಕೆಲಸದಲ್ಲಿ ಗಟ್ಟಿಗ. ಅವನು ಮೊದಲು ಕೇಳಿದ್ದು ಒಂದೇ ಮಾತು. "ಸಾವ್ಕಾರ್ರೆ, ಮದುಮಗನ ತಲೆ ಮೇಲೆ ಪೇಟ ಇರ್ತದೆ. ಪೇಟದ ಮೇಲೆ ತುರಾಯಿ ಇರ್ತದೆ. ಟಾಪು ತಾಗಿದ್ರೆ?"

"ತಾಗಬಾರದು! ಉದ್ದ ಮದುಮಗ ಬಂದ್ರೂ ತಾಗಬಾರದು."

ಉದ್ದ ಮದುಮಗನನ್ನು ಎಲ್ಲಿಂದ ತರುವುದು? ಎದುರಿಗೇ ಓಬಳೇಶ ನಿಂತಿದ್ದ. ಅಂಗಡಿಯಿಂದ ಒಂದು ಬಾಡಿಗೆ ಪೇಟ ತರಿಸಿ ಅವನ ತಲೆಗೆ ಇಟ್ಟರು. ಹಿಂದಿನ ಸೀಟಿನಲ್ಲಿ ಕೂರಿಸಿದರು. ಅಕ್ಕಪಕ್ಕದ ಗ್ಯಾರೇಜಿನವರೆಲ್ಲ ಬಂದು, "ಹುಡುಗಿ ಎಲ್ಲಿ ಓಬಳೇಶಣ್ಣ?" ಎಂದು ಕಾಡಿಸಿದರು. ಓಬಳೇಶನಿಗೂ ನಗು ಬಂತು. ಮೇಸ್ತ್ರಿ ತುರಾಯಿಯ ತುದಿಗೆ ಸರಿಯಾಗಿ ಸೀಮೆಸುಣ್ಣದಲ್ಲಿ ಗೀಟು ಎಳೆದ. ಹಿಂದೆ ಅಷ್ಟು ಎತ್ತರ ಬಿಟ್ಟು, ಮುಂದೆ ಒಂದು ಗೇಣು ಕೊಯ್ದ. ಮುಂದೆ ಹೆಚ್ಚು ತಗ್ಗಿದರೇ ಹುಲಿಯ ಕಳೆ ಬರುವುದು.

ಮುಂದಿನ ಸೀಟಿನಲ್ಲಿ ಯಾರನ್ನೂ ಕೂರಿಸಿ ನೋಡಲಿಲ್ಲ. ಯಾರಿಗೂ ಅದು ಹೊಳೆಯಲಿಲ್ಲ. ಕಾರು ಓಡಿಸುವವನ ತಲೆಯಿಂದಲೇ ಅಳತೆ ತೆಗೆದರು, ಓಡಿಸುವವನನ್ನೇ ಮರೆತರು. ಅವನ ತಲೆಯ ಮೇಲೆ ಪೇಟ ಇದ್ದದ್ದಕ್ಕೆ ಅಷ್ಟು ಹೊತ್ತು ಅವನೂ ಒಬ್ಬ ಮನುಷ್ಯನಾಗಿ ಕಂಡಿದ್ದ, ಅಷ್ಟೇ.

ಬಣ್ಣ ಹೊಡೆದು ಮುಗಿದ ದಿನ ಓಬಳೇಶ ಸ್ಟೇರಿಂಗ್ ಹಿಂದೆ ಕೂತ. ತಲೆ ತಗಡಿಗೆ ಟಣ್ಣೆಂದಿತು. ಕುತ್ತಿಗೆ ಬಾಗಿಸಿದ. ಗಲ್ಲ ಎದೆಗೆ ತಾಗುವಷ್ಟು ಬಾಗಿಸಿದ ಮೇಲೆ ರಸ್ತೆ ಕಂಡಿತು.

"ಹೆಂಗೈತೋ?" ಎಂದ ಶಿವಯೋಗಪ್ಪ.

"ಏನಿಲ್ಲ ಬಿಡ್ರಿ, ಹೊಂದ್ಕೊಂಡು ಹೋಗ್ತೀನಿ."

ಹೊಂದಿಕೊಂಡು ಒಂದು ವರ್ಷ ಹೋದ. ಮೆರವಣಿಗೆಯ ಕಾರೆಂದರೆ ಸುಮ್ಮನಲ್ಲ. ಕಲ್ಯಾಣ ಮಂಟಪಕ್ಕೆ ಎರಡು ಫರ್ಲಾಂಗ್ ಇದ್ದರೆ ಎರಡು ಗಂಟೆ ಬೇಕು. ನಾಲ್ಕು ಹೆಜ್ಜೆಗೊಮ್ಮೆ ಬ್ಯಾಂಡಿನವರು ನಿಲ್ಲುತ್ತಾರೆ, ಮದುಮಗನ ಗೆಳೆಯರು ಕುಣಿಯುತ್ತಾರೆ. ಓಬಳೇಶ ಕುತ್ತಿಗೆ ಮುರಿದುಕೊಂಡು, ಒಂದು ಕಾಲು ಕ್ಲಚ್ಚಿನ ಮೇಲೆ, ಒಂದು ಕಾಲು ಬ್ರೇಕಿನ ಮೇಲೆ ಇಟ್ಟು ಕೂತಿರುತ್ತಿದ್ದ. ಕಿಂಡಿಯಂಥ ಗಾಜಿನಲ್ಲಿ ಅವನಿಗೆ ಕುಣಿಯುವವರ ಮುಖ ಕಾಣುತ್ತಿರಲಿಲ್ಲ. ಬರೀ ಕಾಲುಗಳು ಕಾಣುತ್ತಿದ್ದವು. ಒಂದು ವರ್ಷ ಅವನು ಊರಿನ ಚಪ್ಪಲಿಗಳನ್ನೇ ನೋಡಿದ.

ಯುಗಾದಿಯ ಹೊತ್ತಿಗೆ ಬಲಗೈ ಜೋಮು ಹಿಡಿಯತೊಡಗಿತು. ಡಾಕ್ಟರು ಕುತ್ತಿಗೆಗೆ ಪಟ್ಟಿ ಕೊಟ್ಟು, "ಇನ್ನೊಂದು ವರ್ಷ ಹೀಗೇ ಕೂತರೆ ಈ ಕೈ ಗೇರ್ ಹಾಕುವುದಿಲ್ಲ" ಎಂದರು. ಓಬಳೇಶ ಪಟ್ಟಿ ಕಟ್ಟಿಕೊಂಡು ಕೆಲಸಕ್ಕೆ ಹೋದ. ಶಿವಯೋಗಪ್ಪ ಅವನನ್ನು ನೋಡಿ ಮುಖ ಸಿಂಡರಿಸಿದ. "ಮದುವೆ ಕಾರಿನಾಗೆ ಆಸ್ಪತ್ರೆ ವೇಷ ಬ್ಯಾಡೋ ಮಾರಾಯ. ಬಿಚ್ಚಿಡು. ಆಗಲ್ಲ ಅಂದ್ರೆ ಹೇಳು, ಕುಳ್ಳ ಡ್ರೈವರ್ ಯಾರಾದ್ರೂ ಸಿಗ್ತಾನೆ."

ಓಬಳೇಶ ಪಟ್ಟಿ ಬಿಚ್ಚಿ ಜೇಬಿಗೆ ಹಾಕಿಕೊಂಡ. ನಲವತ್ತೆಂಟು ವರ್ಷ ವಯಸ್ಸು. ಬೇರೆ ಕೆಲಸ ಗೊತ್ತಿಲ್ಲ. ಈ ಕಾರು ಬಿಟ್ಟರೆ ಬೇರೆ ಕಾರು ಕೊಡುವವರಿಲ್ಲ. ಅವನು ಮತ್ತಷ್ಟು ಬಾಗಿದ.

ಮತ್ತೆ ಆಷಾಢ ಬಂತು. ಹಿಂದಿನ ಸೀಟಿಗೆ ಕೆಂಪು ಮಕಮಲ್ ಹಾಕಿಸಿಕೊಂಡು ಬಾ ಎಂದು ಸಾಹುಕಾರ ಅವನನ್ನು ಶಮೀಮಳ ಕುಶನ್ ಅಂಗಡಿಗೆ ಕಳಿಸಿದ. ಶಮೀಮ ದಸ್ತಗೀರ್ ಮೇಸ್ತ್ರಿಯ ಅಣ್ಣನ ಮಗಳು. ಮೇಸ್ತ್ರಿಯ ಗ್ಯಾರೇಜಿನ ಮಗ್ಗುಲಲ್ಲೇ ಅವಳ ಅಂಗಡಿ. ಸೀಟು ಹೊಲಿಯುವುದರಲ್ಲಿ ಕೈ ಎಷ್ಟು ಚುರುಕೋ ನಾಲಿಗೆಯೂ ಅಷ್ಟೇ ಚುರುಕು. ಅಂಗಡಿಯ ಮೂಲೆಯಲ್ಲಿ ಸೀರೆಯ ಜೋಲಿ, ಅದರಲ್ಲಿ ಅವಳ ಕೂಸು ಮಲಗಿತ್ತು.

ಓಬಳೇಶ ಕಾರು ನಿಲ್ಲಿಸಿ ಇಳಿದು ಬಂದ. ಶಮೀಮ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಕಾರಿಂದ ಇಳಿದಾಯ್ತಲ್ಲಣ್ಣ. ಇನ್ನೂ ಯಾಕೆ ಬಾಗಿದೀರಿ? ಆಕಾಶ ತಾಗುತ್ತಾ?"

ಓಬಳೇಶ ಕುತ್ತಿಗೆ ಮುಟ್ಟಿ ನೋಡಿಕೊಂಡ. ತಾನು ಬಾಗಿರುವುದು ಅವನಿಗೇ ಗೊತ್ತಿರಲಿಲ್ಲ.

"ಮುಂದಿನ ಸೀಟು ತೋರ್ಸಿ. ಕೂತ್ಕೊಳ್ಳಿ ನೋಡೋಣ" ಎಂದಳು.

"ಮುಂದಿಂದು ಬ್ಯಾಡ ತಾಯಿ. ಹಿಂದಿಂದಷ್ಟೇ ಹೇಳ್ಯಾರ. ನಾ ಹೊಂದ್ಕೊಂಡು..."

"ಹೊಂದ್ಕೊಂಡು ಎಲ್ಲಿಗೆ ಹೋಗ್ತೀರಿ? ಆಸ್ಪತ್ರೆಗಾ? ಕೂತ್ಕೊಳ್ಳಿ ಅಂದೆ."

ಓಬಳೇಶ ಕೂತ. ಶಮೀಮ ಸೀಟಿನ ಸ್ಪಾಂಜನ್ನೂ ಸ್ಪ್ರಿಂಗನ್ನೂ ಕಿತ್ತು, ಹಲಗೆ ಹಾಕಿ ಕೂರಿಸಿ ನೋಡಿದಳು. ತಲೆಗೆ ಜಾಗ ಸಿಕ್ಕಿತು, ಮೊಣಕಾಲು ಸ್ಟೇರಿಂಗಿಗೆ ಸಿಕ್ಕಿಕೊಂಡಿತು. ಬೆನ್ನನ್ನು ಹಿಂದಕ್ಕೆ ಒರಗಿಸಿ ನೋಡಿದಳು. ಮೊಣಕಾಲು ಬಿಡಿಸಿಕೊಂಡಿತು, ಕೈ ಸ್ಟೇರಿಂಗಿಗೆ ಎಟುಕಲಿಲ್ಲ. ದಿನವೆಲ್ಲ ಹೀಗೇ ಆಯಿತು. ಒಂದು ಕಡೆ ಬಿಚ್ಚಿದರೆ ಇನ್ನೊಂದು ಕಡೆ ಹಿಡಿಯುತ್ತಿತ್ತು. ಕೊನೆಗೆ ಓಬಳೇಶನಿಗೇ ಸುಸ್ತಾಗಿ, "ಬಿಟ್ಬಿಡಮ್ಮ, ಯಾಕೆ ಇಷ್ಟು ರಗಳೆ" ಎಂದ.

ಶಮೀಮ ಕೆಳಗೆ ಕೂತು ಕಾರಿನ ನೆಲವನ್ನು ಬೆರಳಿನಿಂದ ಬಡಿದು, ಪಕ್ಕದ ಗ್ಯಾರೇಜಿನಲ್ಲಿದ್ದ ಮೇಸ್ತ್ರಿಯನ್ನು ಕೂಗಿದಳು. "ಚಾಚಾ, ಬಾ ಇಲ್ಲಿ. ಈ ತಗಡು ಕೊಯ್ದು ಒಂದು ತಟ್ಟೆಯ ಹಾಗೆ ನಾಲ್ಕು ಬೆರಳು ಕೆಳಗಿಳಿಸ್ಬಹುದಾ? ಕಾಲೂ ಕೆಳಗೆ ಹೋಗ್ತದೆ, ಸೀಟೂ ಕೆಳಗೆ ಹೋಗ್ತದೆ. ಸೀಟನ್ನ ಒಂದು ಗೇಣು ಹಿಂದಕ್ಕೆ ತಳ್ಳಿದ್ರೆ ಮೊಣಕಾಲಿಗೆ ಜಾಗ. ಸ್ಟೇರಿಂಗನ್ನೂ ಅಷ್ಟೇ ಇವರ ಕಡೆ ಎಳೆದ್ರೆ ಕೈಗೆ ಎಟುಕ್ತದೆ."

ಮೇಸ್ತ್ರಿ ಕಾರಿನಡಿ ಮಲಗಿ ನೋಡಿದ. "ಆಗ್ತದೆ. ಸೈಲೆನ್ಸರ್ ಪೈಪಿಗಿಂತ ಮೇಲೇ ಉಳೀತದೆ, ರಸ್ತೆಯ ಉಬ್ಬಿಗೆ ತಾಗಲ್ಲ. ಆದ್ರೆ ಹಿಂದೆ ಮದುಮಗನ ಕಾಲಿಗೆ ಜಾಗ ಕಡಿಮೆ ಆಗ್ತದಲ್ಲ?"

ಅಷ್ಟು ಹೊತ್ತಿಗೆ ಮಕಮಲ್ ನೋಡಲು ಶಿವಯೋಗಪ್ಪನೇ ಬಂದ. ಕಿತ್ತು ಹಾಕಿದ ಮುಂದಿನ ಸೀಟು ನೋಡಿ ಕಿರುಚಿದ.

"ಮೆಲ್ಲಗೆ ಕೂಗಾಡ್ರಿ, ಮಗು ಮಲಗೈತೆ" ಎಂದಳು ಶಮೀಮ.

ಸಾಹುಕಾರ ದನಿ ತಗ್ಗಿಸಿ ಕೂಗಾಡಿದ. "ಬಾಡಿಗೆ ಕೊಡೋನು ಹಿಂದೆ ಕೂರ್ತಾನೆ. ಅವನ ಕಾಲಿನ ಜಾಗ ಕಿತ್ತು ಇವನಿಗೆ ಕೊಡ್ಬೇಕಾ? ಸ್ವಲ್ಪ ಬಾಗಿ ಕೂತ್ರೆ ಏನಾಗುತ್ತೆ? ಕೇಳು ಬೇಕಾದ್ರೆ. ಏನೋ ಓಬಳೇಶ, ತೊಂದರೆ ಐತಾ ನಿಂಗೆ?"

ಓಬಳೇಶನ ಬಾಯಿಗೆ ಆ ಹಳೆಯ ಮಾತು ಬಂತು. ಶಮೀಮ ಅವನನ್ನು ದುರುಗುಟ್ಟಿ ನೋಡಿದಳು. ಜೇಬಿನಲ್ಲಿ ಕುತ್ತಿಗೆಯ ಪಟ್ಟಿ ಇತ್ತು. ಬಲಗೈ ಜೋಮು ಹಿಡಿದಿತ್ತು. ಬಾಯಿಗೆ ಬಂದ ಮಾತನ್ನು ಅವನು ನುಂಗಿದ.

"ಐತ್ರಿ ಸಾವ್ಕಾರ್ರೆ" ಎಂದ. "ನೋಯ್ತದೆ."

ಇಪ್ಪತ್ತಮೂರು ವರ್ಷದಲ್ಲಿ ಅವನು ಸಾಹುಕಾರನಿಗೆ ಹೀಗೆ ಹೇಳಿದ್ದು ಅದೇ ಮೊದಲು. ದನಿ ಎಷ್ಟು ಸಣ್ಣಗಿತ್ತೆಂದರೆ ಮಗು ಮಿಸುಕಲೂ ಇಲ್ಲ. ಆದರೆ ಎಲ್ಲರಿಗೂ ಕೇಳಿಸಿತು.

"ಅಷ್ಟು ನೋವಾ? ನಾಟಕ" ಎಂದ ಶಿವಯೋಗಪ್ಪ.

"ನಾಟಕ ಅಂದ್ರೆ ನೀವೇ ಪಾತ್ರ ಮಾಡಿ" ಎಂದಳು ಶಮೀಮ. ಹಳೆಯ ಸೀಟನ್ನು ತಂದು ಇದ್ದ ಜಾಗಕ್ಕೇ ಕೂರಿಸಿದಳು. ಶಿವಯೋಗಪ್ಪ ಗಿಡ್ಡ ಆಳು. ಅವನನ್ನು ಸ್ಟೇರಿಂಗ್ ಹಿಂದೆ ಕೂರಿಸಿ ಕೆಳಗೆ ಒಂದು ದಿಂಬು ಹಾಕಿದಳು, ಎರಡು ಹಾಕಿದಳು, ಮೂರು ಹಾಕಿದಳು. ಅವನ ತಲೆ ತಗಡಿಗೆ ತಾಗಿ, ಗಲ್ಲ ಎದೆಗೆ ಅಂಟುವ ತನಕ ಹಾಕಿದಳು. "ಹಳೇ ಸೇತುವೆ ತನಕ ಹೋಗಿ ಬನ್ನಿ. ಮೆರವಣಿಗೆ ಲೆಕ್ಕದಾಗೆ. ಓಬಳೇಶಣ್ಣ, ನೀವು ಮುಂದೆ ನಡೀರಿ. ನೀವೇ ಬ್ಯಾಂಡು."

ಗ್ಯಾರೇಜ್ ಸಾಲಿನವರೆಲ್ಲ ಹೊರಗೆ ಬಂದು ನಿಂತಿದ್ದರು. ಅಷ್ಟು ಜನರ ಎದುರಿಗೆ ಹಿಂಜರಿಯಲು ಸಾಹುಕಾರನಿಗೆ ಮನಸ್ಸಾಗಲಿಲ್ಲ. ಕಾರು ಹೊರಟಿತು.

ಓಬಳೇಶ ಮುಂದೆ ನಡೆದ. ನಾಲ್ಕು ಹೆಜ್ಜೆ ಇಡುವುದು, ನಿಲ್ಲುವುದು. ಮತ್ತೆ ನಾಲ್ಕು ಹೆಜ್ಜೆ. ಬೇಕೆಂದು ಮಾಡಿದ್ದಲ್ಲ. ಅವನಿಗೆ ಮೆರವಣಿಗೆ ಎಂದರೆ ಅದೇ.

"ಬೇಗ ನಡಿಯೋ!" ಹಿಂದಿನಿಂದ ಕೂಗು.

"ಈಗ ಮದುಮಗನ ಗೆಳೆಯರು ಕುಣೀತಾರ್ರಿ ಸಾವ್ಕಾರ್ರೆ. ಹಾರ್ನ್ ಹೊಡೆದ್ರೆ ಬೈತಾರೆ."

"ಯಾವ ಗೆಳೆಯರೋ? ನಂಗೆ ನಿನ್ನ ಚಪ್ಪಲಿ ಬಿಟ್ರೆ ಏನೂ ಕಾಣ್ತಿಲ್ಲ!"

"ಹೌದ್ರಿ. ಅಷ್ಟೇ ಕಾಣೋದು."

ಸೇತುವೆ ಇನ್ನೂ ದೂರವಿತ್ತು. ಪೆಟ್ರೋಲ್ ಬಂಕಿನ ಹತ್ತಿರವೇ ಕಾರು ನಿಂತಿತು. ಶಿವಯೋಗಪ್ಪ ಬಾಗಿಲು ತೆಗೆದು ದಿಂಬಿನ ಸಮೇತ ರಸ್ತೆಗೆ ಜಾರಿದ. ಕುತ್ತಿಗೆ ಹಿಡಿದುಕೊಂಡು ಎದ್ದು ನಿಂತ. ಆಮೇಲೆ ಓಬಳೇಶನನ್ನು ನೋಡಿ, "ವರ್ಷ ಪೂರ್ತಿ ಹಿಂಗೇ ಕೂತಿದ್ಯಾ?" ಎಂದ.

"ಹೌದ್ರಿ."

"ಮೊದಲೇ ಹೇಳ್ಬಾರದಾ?"

ಓಬಳೇಶ ಜೇಬಿನಿಂದ ಪಟ್ಟಿ ತೆಗೆದು ಸಾಹುಕಾರನ ಕೈಗಿಟ್ಟ. "ಕಟ್ಕೊಳ್ರಿ, ಸ್ವಲ್ಪ ಹಗುರ ಆಗ್ತದೆ" ಎಂದ. ತಾನೇ ಬಿಚ್ಚಿಡು ಎಂದಿದ್ದ ಪಟ್ಟಿಯನ್ನು ಶಿವಯೋಗಪ್ಪ ಗುರುತು ಹಿಡಿದ. ತಲೆ ಎತ್ತಲಿಲ್ಲ. ಕುತ್ತಿಗೆ ನೋವಿಗೋ, ಮತ್ಯಾವುದಕ್ಕೋ.

ವಾಪಸ್ ಬಂದವನು ಮೇಸ್ತ್ರಿಗೆ ಬೈದ. "ಕೊಯ್ಯೋ ಮುಂಚೆ ನೋಡ್ಬಾರದೇನ್ರಿ?" ದೊಡ್ಡವರು ತಪ್ಪು ಒಪ್ಪುವ ರೀತಿ ಹಾಗೇ. ಆದರೂ ನೆಲ ಕೊಯ್ಯಲು ಒಪ್ಪಿದ.

ಈ ಸಲ ಮೇಸ್ತ್ರಿ ಓಬಳೇಶನನ್ನು ಮುಂದೆ ಕೂರಿಸಿ ಗೀಟು ಎಳೆದ. ಹಿಮ್ಮಡಿಗೆ, ಮೊಣಕಾಲಿಗೆ, ಭುಜಕ್ಕೆ, ತಲೆಗೆ. ನೆಲ ನಾಲ್ಕು ಬೆರಳು ಇಳಿಯಿತು, ಸೀಟೂ ಸ್ಟೇರಿಂಗೂ ಒಂದು ಗೇಣು ಹಿಂದಕ್ಕೆ ಬಂದವು. ಶಮೀಮ ತೆಳುವಾದ ಗಟ್ಟಿ ಸ್ಪಾಂಜು ಇಟ್ಟು ಸೀಟು ಹೊಲಿದಳು. ಮಿಕ್ಕ ಮಕಮಲ್ಲಿನಲ್ಲಿ ಅವನ ಸೀಟಿಗೂ ಒಂದು ಅಂಚು ಕೊಟ್ಟಳು. ಮದುಮಗನ ಕಾಲಿಗೆ ಒಂದು ಗೇಣು ಕಡಿಮೆಯಾಯಿತು. ಹೊರಗಿನಿಂದ ನೋಡಿದರೆ ಹುಲಿ ಹುಲಿಯಾಗಿಯೇ ಇತ್ತು.

ಶ್ರಾವಣದ ಮೊದಲ ಮದುವೆ. ಮೆರವಣಿಗೆ ಗ್ಯಾರೇಜ್ ಸಾಲಿನ ಮುಂದೆಯೇ ಬಂತು. ಶಮೀಮ ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ನೋಡಲು ನಿಂತಳು. ನೋಡಿ ಅವಳ ಮುಖ ಬಾಡಿತು. ಓಬಳೇಶ ಮೊದಲಿನ ಹಾಗೆಯೇ ಗಲ್ಲವನ್ನು ಎದೆಗೆ ಒತ್ತಿಕೊಂಡು ಕೂತಿದ್ದ. ತಲೆಯ ಮೇಲೆ ಅರ್ಧ ಗೇಣು ಜಾಗ ಸುಮ್ಮನೆ ಖಾಲಿ ಇತ್ತು.

ಬ್ಯಾಂಡು ನಿಂತಾಗ ಅವಳು ಕಿಂಡಿಯ ಹತ್ತಿರ ಬಂದಳು.

"ಅಣ್ಣ, ಇನ್ನೂ ನೋವಾ?"

"ಇಲ್ಲಮ್ಮ. ಸೀಟು ಚೆನ್ನಾಗೈತೆ."

"ಮತ್ತೆ ತಲೆ ಯಾಕೆ ಬಗ್ಗಿಸಿದೀರಿ?"

ಓಬಳೇಶ ಕೈ ಎತ್ತಿ ತಲೆಯ ಮೇಲೆ ಆಡಿಸಿದ. ತಗಡು ಸಿಗಲಿಲ್ಲ. ಇನ್ನೂ ಮೇಲೆ ಎತ್ತಿದ ಮೇಲೆ ಸಿಕ್ಕಿತು. ಟಣ್ಣೆನ್ನುತ್ತದೆ ಎಂಬ ಹೆದರಿಕೆ ಅವನಿಗೆ. ಒಂದು ಬೆರಳಷ್ಟು ತಲೆ ಎತ್ತಿದ. ಏನೂ ತಾಗಲಿಲ್ಲ. ಇನ್ನೊಂದು ಬೆರಳು ಎತ್ತಿದ. ವರ್ಷದಿಂದ ಗಂಟು ಬಿದ್ದ ಕುತ್ತಿಗೆ ಒಳಗೇ ಕಟಕಟ ಅಂದಿತು. ಪೂರ್ತಿ ಎತ್ತಿದ.

ಗಾಜಿನ ಆಚೆ ಒಬ್ಬ ಮುದುಕ ಎರಡೂ ಕೈ ಎತ್ತಿ, ಕಣ್ಣು ಮುಚ್ಚಿಕೊಂಡು ಕುಣಿಯುತ್ತಿದ್ದ. ಮದುಮಗನ ಅಜ್ಜನಿರಬೇಕು. ಬಾಯಲ್ಲಿ ಒಂದೂ ಹಲ್ಲಿರಲಿಲ್ಲ, ಮುಖದ ತುಂಬ ನಗುವಿತ್ತು. ಹೋದ ವರ್ಷದ ಆಷಾಢದಿಂದ ಓಬಳೇಶ ನೋಡಿರದಿದ್ದ ಮುಖ ಅದು, ಮದುವೆಯ ಮುಖ.

ಅವನು ಕ್ಲಚ್ಚು ಬಿಡದೆ ನೋಡುತ್ತಾ ಕೂತ. ಮುಂದಕ್ಕೆ ಹೋಗುವ ಅವಸರ ಅವನಿಗಿರಲಿಲ್ಲ.

ನೀತಿ: ಏನನ್ನಾದರೂ ಕಟ್ಟುವಾಗ, ದಿನವೂ ಅದರೊಳಗೆ ಕೂರುವವನ ಅಳತೆಯನ್ನು ಮೊದಲು ತೆಗೆಯಿರಿ. ಒಂದು ಗಂಟೆ ಕೂತು ಎದ್ದು ಹೋಗುವವನ ಅಳತೆ ಆಮೇಲೆ ಇರಲಿ. ಬಾಗಿ ಕೂತವರೂ ಕೇಳಿಸಿಕೊಳ್ಳಿ. ನೋಯುತ್ತದೆ ಎಂದು ಬಾಯಿ ಬಿಟ್ಟು ಹೇಳಿ, ಬೇಗ ಹೇಳಿ. ತಡವಾದರೆ, ಜಾಗ ಸಿಕ್ಕ ಮೇಲೂ ಕುತ್ತಿಗೆಗೆ ನೇರವಾಗುವುದು ಮರೆತುಹೋಗಿರುತ್ತದೆ.