ಹೆಗಲ ಮೇಲಿನ ಕೆಂಪು ದಾರ

ಹೊಳೆದಂಡೆಯ ಮಠದಲ್ಲಿ ಮರೆವು ಹಿಡಿದ ಒಂಬತ್ತು ಮುದುಕ-ಮುದುಕಿಯರಿದ್ದರು. ಅವರನ್ನು ನೋಡಿಕೊಳ್ಳುವವನು ಒಬ್ಬನೇ, ಶಿಷ್ಯ ಭರಮ.

ಸುತ್ತ ಹತ್ತೂರಲ್ಲಿ ಅವನಂಥ ಗಟ್ಟಿ ಆಳಿಲ್ಲ. ಈ ಮಾತನ್ನು ಹೆಚ್ಚಾಗಿ ಭರಮನೇ ಹೇಳುತ್ತಿದ್ದ.

ಸ್ನಾನ, ಗಂಜಿ, ಒದ್ದೆ ಹಾಸಿಗೆ, ಎಲ್ಲ ಅವನ ಪಾಲಿಗೆ. ಯಾರಾದರೂ ದಾರಿ ತಪ್ಪಿ ಹೊಳೆಯತ್ತ ಹೋದರೆ ಕಂಡವರು ಕರೆತರಲಿ ಎಂದು, ಒಬ್ಬೊಬ್ಬರ ಬಟ್ಟೆಯ ಹೆಗಲಿಗೂ ಕೆಂಪು ದಾರದಲ್ಲಿ ಅವರ ಹೆಸರು ಹೊಲಿಯುವವನೂ ಅವನೇ.

ಒಂದು ಮುಂಜಾನೆ ಮುದುಕಿ ದ್ಯಾಮವ್ವ ಬಚ್ಚಲಲ್ಲಿ ಚೀರಿದಳು. ಮಠದ ಗುರುಗಳು ಭರಮನನ್ನು ಕರೆದರು.

“ನೀರು ಬಾಳ ಕಾದಿತ್ತೇನೋ?”

“ಇಲ್ರಿ ಅಜ್ಜಾರ. ಮೊಣಕೈ ಅದ್ದಿ ನೋಡೇ ಹಾಕೀನಿ. ಹದ ಇತ್ತು.”

“ಹಂಗಾದ್ರ ಅಕೀನ್ನ ಸುಟ್ಟದ್ದು ನಿನ್ನ ಕೈ.”

ಭರಮನ ಸಿಟ್ಟು ನೆತ್ತಿಗೇರಿತು.

“ಮೂರು ವರ್ಷ ಆತ್ರಿ! ಮೂರು ವರ್ಷ ಈ ಮುದುಕೀ ತಲಿ ಬಾಚೀನಿ, ಹೇಲು-ಉಚ್ಚಿ ಬಳದೀನಿ. ದಿನಾ ಎದ್ದು ‘ಯಾರಲೇ ನೀ, ಕಳ್ಳ’ ಅಂತಾಳ. ನಮ್ಮೂರಾಗ ಭರಮ ಅಂದ್ರ ಎತ್ತು ಸೈತ ತಿರುಗಿ ನೋಡತಾವ. ಇಲ್ಲಿ ಒಂಬತ್ತು ಮಂದ್ಯಾಗ ಒಬ್ಬರ ಬಾಯಾಗೂ ನನ್ನ ಹೆಸರಿಲ್ಲ.”

“ನಾ ಕರೀತೀನಲ್ಲೋ ಭರಮಾ.”

“ನೀವೊಬ್ಬರೇ. ಅದಕ್ಕ ಇಷ್ಟು ದಿನ ನಿಂತೀನಿ. ಮೊದಲ ಬಾಚೂಮುಂದ ಕೈ ತಾನ ಮೆತ್ತಗ ಆಗತಿತ್ತು. ಈಗ ಕಟಗಿ ಸೀಳಿದಂಗ ಬಾಚತೀನಿ. ನನಗೂ ಗೊತ್ತೈತ್ರಿ. ಇನ್ನ ನನ್ನ ಕೈಲೆ ಆಗಂಗಿಲ್ಲ. ನಾಳೆ ಹೋಗ್ತೀನಿ.”

ಗುರುಗಳು ಬೇಡ ಎನ್ನಲಿಲ್ಲ. ಹೊಳೆ ನೋಡುತ್ತ, ಹೊಸ ಪಾಠ ಗಟ್ಟಿಮಾಡುವವರ ಹಾಗೆ, “ಭರಮ, ಭರಮ” ಎಂದುಕೊಂಡರು.

ಮರುದಿನ ಭರಮ ಗಂಟು ಕಟ್ಟಿಕೊಂಡು ಕಾಲಿಗೆ ಬೀಳಲು ಬಂದ.

ಗುರುಗಳು ತಮ್ಮ ಕಾವಿ ಶಲ್ಯವನ್ನು ತೊಡೆಯ ಮೇಲೆ ಹರವಿಕೊಂಡು ಕೂತಿದ್ದರು. ಕೈಯಲ್ಲಿ ಸೂಜಿ, ಕೆಂಪು ದಾರ.

“ಇದೊಂದು ಹೆಸರು ಹೊಲದು ಹೋಗಪಾ.”

“ಯಾರದ್ರಿ? ಹೊಸಬ್ರು ಬಂದ್ರೇನು?”

“ನಂದು. ಎರಡಕ್ಷರ ಬಂತು. ಮುಂದ ಬರವಲ್ದು.”

ಭರಮನ ಕೈಯಿಂದ ಗಂಟು ಜಾರಿತು. ಸೂಜಿ ಇಸಿದುಕೊಂಡ. ಹತ್ತೂರಿನ ಗಟ್ಟಿ ಆಳಿಗೆ ಹೊಲಿಗೆ ಹಾಕಲು ಬರಲಿಲ್ಲ, ಕಣ್ಣು ಮಂಜಾಗಿತ್ತು.

“ಅಜ್ಜಾರ, ನಾ ಯಾರು ಹೇಳ್ರಿ? ನಾ ಯಾರ್ರಿ?”

ಗುರುಗಳು ಅವನ ಅಂಗಿಯನ್ನು ಈ ಹೆಗಲಿನಿಂದ ಆ ಹೆಗಲಿನವರೆಗೆ ಸವರಿ ಹುಡುಕಿದರು.

“ನಿನ್ನ ಮ್ಯಾಲೆ ಏನೂ ಬರದಿಲ್ಲಲ್ಲೋ ತಮ್ಮಾ.”