ಮರಳಿನ ಮೇಲೆ ಅಧ್ಯಕ್ಷರ ಪಾದ

ಮಳೆಗಾಲ ಕಳೆಯುತ್ತಲೇ ಗಾಲ್ಫ್ ಮೈದಾನದ ಮರಳುಗುಂಡಿಗಳಿಗೆ ಹೊಸ ಮರಳು ತುಂಬಿ, ಕುಂಟೆ ಎಳೆದು ನುಣುಪು ಮಾಡಿದವಳು ಪುಟ್ಟನಿಂಗಮ್ಮ. ಗುಂಡಿಗಿಳಿದು ಆಡಿದವರು ತಮ್ಮ ಹೆಜ್ಜೆಗುರುತನ್ನು ತಾವೇ ಅಳಿಸಬೇಕೆಂಬುದು ಅಲ್ಲಿನ ಪದ್ಧತಿ. ಕ್ಲಬ್ಬಿನ ಅಧ್ಯಕ್ಷರು ಮಾತ್ರ ಕುಂಟೆ ಮುಟ್ಟಿದವರಲ್ಲ. ಪಂದ್ಯದ ದಿನವೂ ಮರಳೆಲ್ಲ ತುಳಿದು, "ಅತಿಥಿಗಳು ಬರೋದ್ರೊಳಗೆ ಅಳಿಸು. ಇಲ್ದಿದ್ರೆ ಕೆಲಸ ಬಿಡು," ಎಂದು ಗದರಿ ಮುಂದೆ ಹೋದರು.

ಅವಳು ಕುಂಟೆ ಬದಿಗಿಟ್ಟು, ಒಂದೊಂದು ಹೆಜ್ಜೆಗೂ ಒಂದೊಂದು ದಾಸವಾಳ ಇಟ್ಟಳು.

"ಯಾರ ಪಾದಮ್ಮ ಇದು?" ಎಂದರು ಅತಿಥಿಗಳು.

"ನಮ್ಮ ಅಧ್ಯಕ್ಷರದು ಸ್ವಾಮಿ. ಬೇರೆಯೋರು ಅಳಿಸಿ ಹೋಯ್ತಾರೆ. ಇವ್ರು ಬಿಟ್ಟೋಗವ್ರೆ ಅಂದ್ರೆ ದರ್ಶನಕ್ಕೇ ಇರ್ಬೇಕು ಅಂತ ಹೂ ಇಟ್ಟೆ."

ಅತಿಥಿಗಳು ಟೋಪಿ ತೆಗೆದು ಕೈಮುಗಿದರು. ಅಧ್ಯಕ್ಷರು ಕೆಂಪಗಾಗಿ ಓಡಿಬಂದು ಕುಂಟೆ ಹಿಡಿದರು.

ಪುಟ್ಟನಿಂಗಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಹಿಂದಿಂದಕ್ಕೆ ನಡ್ಕೊಂಡು ಎಳೀರಿ ಸ್ವಾಮಿ. ಮತ್ತೆ ಪಾದ ಮೂಡಿದ್ರೆ ನನ್ತಾವ ಹೂವಿಲ್ಲ."