ಆಲಿಸುವವರ ಶುಕ್ರವಾರ

ಹೊಳೆಯ ದಡದಲ್ಲಿ ಅಡವಯ್ಯನವರ ಆಶ್ರಮವಿತ್ತು. ಅಲ್ಲಿ ಔಷಧಿ ಕೊಡುತ್ತಿರಲಿಲ್ಲ. ಮನಸ್ಸಿಗೆ ಪೆಟ್ಟು ಬಿದ್ದವರು ಬಂದು ಮಾತಾಡುತ್ತಿದ್ದರು. ಐದು ಮಂದಿ ಶಿಷ್ಯರು ಕೂತು ಕೇಳುತ್ತಿದ್ದರು. ಊರವರು ಅವರನ್ನು ಆಲಿಸುವವರು ಎನ್ನುತ್ತಿದ್ದರು.

ಆಶ್ರಮಕ್ಕೆ ಇದ್ದದ್ದು ಒಂದೇ ಕಟ್ಟಳೆ. ಪ್ರತಿ ಶುಕ್ರವಾರ ಸಂಜೆ ಐವರೂ ಬೇವಿನ ಮರದ ಕೆಳಗೆ ಕೂರಬೇಕು. ಆ ವಾರ ತಾನು ಎಲ್ಲಿ ತಪ್ಪಿದೆ ಎಂದು ಒಬ್ಬೊಬ್ಬರೂ ಹೇಳಬೇಕು. ಉಳಿದವರು ತಮಗೆ ಕಂಡದ್ದನ್ನು ಹೇಳಬೇಕು. ಗುರುಗಳು ದೂರದಲ್ಲಿ ಕೂರುತ್ತಾರೆ. ಬಾಯಿ ಬಿಡುವುದಿಲ್ಲ.

ಒಂದು ಶುಕ್ರವಾರ ಬೆಳಿಗ್ಗೆ, ಶಿಷ್ಯರಲ್ಲಿ ಕಿರಿಯವನಾದ ಕಲ್ಲಿನಾಥ ಕಾಗದವೊಂದನ್ನು ಹಿಡಿದು ಗುರುಗಳ ಮುಂದೆ ನಿಂತ.

“ಏನದು?”

“ನಿಯಮಗಳು. ಹನ್ನೊಂದಿವೆ.”

ಗುರುಗಳು ನಿಟ್ಟುಸಿರು ಬಿಟ್ಟರು. “ಹನ್ನೊಂದನೆಯದು ಓದು.”

“ಮೇಲಿನ ಹತ್ತನ್ನೂ ಎಲ್ಲರೂ ಪಾಲಿಸುತ್ತಿದ್ದಾರೆಯೇ ಎಂದು ನೋಡಲು ಒಬ್ಬನನ್ನು ನೇಮಿಸಬೇಕು.”

“ಆ ಒಬ್ಬನನ್ನು ನೋಡುವವನು?”

ಕಲ್ಲಿನಾಥ ಯೋಚಿಸಿದ. “ಹನ್ನೆರಡನೆಯದು ಬರೆಯುತ್ತೇನೆ.”

“ಬರಿ, ಬರಿ. ಕಾಗದ ಸಾಲದಿದ್ದರೆ ನನ್ನ ಪಂಚೆ ಕೊಡುತ್ತೇನೆ.”

“ತಮಾಷೆಯಲ್ಲ ಗುರುಗಳೇ. ಇದು ಬಾಳವ್ವನ ವಿಷಯ.”

ಬಾಳವ್ವ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಳು. ನಾಲ್ಕು ವರ್ಷದ ಹಿಂದೆ ಮಗ ತೀರಿಕೊಂಡಾಗ ಇಲ್ಲಿಗೆ ಬಂದವಳು. ಆಲಿಸುವವರಲ್ಲಿ ಹಿರಿಯನಾದ ಈರಭದ್ರ ಅವಳ ಮಾತು ಕೇಳುತ್ತಿದ್ದ. ವರ್ಷ ತುಂಬುವುದರೊಳಗೆ ಅವಳು ಎದ್ದು ಓಡಾಡಿದಳು. ಆಮೇಲೆ ಈರಭದ್ರನನ್ನು ಕೇಳದೆ ಏನನ್ನೂ ಮಾಡದಂತಾದಳು.

ಕಳೆದ ವರ್ಷ ಮಗಳ ಮದುವೆಗೂ ಹೋಗಲಿಲ್ಲ. “ಅಷ್ಟು ಜನರ ಮಧ್ಯೆ ಬೇಡವ್ವ, ನೀನಿನ್ನೂ ಗಟ್ಟಿಯಾಗಿಲ್ಲ” ಎಂದಿದ್ದ ಈರಭದ್ರ.

ಬರುವ ಸೋಮವಾರ ಹೊಳೆಯಾಚೆಯ ಊರಿನಲ್ಲಿ ಅದೇ ಮಗಳ ಸೀಮಂತ. ಬಾಳವ್ವ ಹಸಿರು ಸೀರೆ ತಂದು ಗಂಟು ಕಟ್ಟಿದ್ದಳು. ಈರಭದ್ರ “ನೋಡೋಣ” ಎಂದಿದ್ದ. ಅವಳು ಮೂರು ದಿನದಿಂದ ಗಂಟು ಹಿಡಿದು ಕೂತಿದ್ದಳು.

“ಅವಳು ಯಾವತ್ತೋ ಗಟ್ಟಿಯಾಗಿದ್ದಾಳೆ. ಅವನು ಬಿಡುತ್ತಿಲ್ಲ” ಎಂದ ಕಲ್ಲಿನಾಥ.

“ಶುಕ್ರವಾರದ ಕೂಟದಲ್ಲಿ ಈ ಮಾತು ಬರಲಿಲ್ಲವೇ?”

“ಅವನೇ ತೆಗೆದ. ಮೂರು ಸಲ. ಬಾಳವ್ವನ ಬಗ್ಗೆ ನನಗೆ ಕಾಳಜಿ ಹೆಚ್ಚಾಯಿತೇನೋ ಎಂದ.”

“ನೀವೇನೆಂದಿರಿ?”

“ಕಾಳಜಿ ಸಹಜ ಎಂದೆವು.”

“ಎಲ್ಲರೂ?”

“ಎಲ್ಲರೂ.”

“ನೀನೂ?”

ಕಲ್ಲಿನಾಥ ಕಾಗದವನ್ನು ಎರಡಾಗಿ ಮಡಿಸಿದ. “ನಾನೂ. ಆದರೆ ಈಗ ನೀವು ಹೇಳಿ ಗುರುಗಳೇ. ನೀವು ಹೇಳಿದರೆ ಒಂದೇ ಮಾತಿಗೆ ಕೇಳುತ್ತಾನೆ.”

“ಕೇಳುತ್ತಾನೆ. ನಾಳೆಯಿಂದ ನೀವು ಐವರೂ ನಾನು ಹೇಳಲಿ ಎಂದು ಕಾಯುತ್ತೀರಿ. ಅವಳ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತು.”

“ಮತ್ತೇನು ಮಾಡಲಿ?”

“ಅಯ್ಯೋ, ನನ್ನ ತಲೆ ತಿನ್ನಬೇಡ. ಅಂಬಿಗರು ಹರಿಗೋಲು ನೀರಿಗೆ ಇಳಿಸುವ ಹೊತ್ತು. ಹೋಗಿ ನೋಡು.”

ದಡದಲ್ಲಿ ಮೂರು ಹರಿಗೋಲುಗಳನ್ನು ಬೋರಲು ಹಾಕಿದ್ದರು. ಒಂದರ ಕೆಳಗಿನಿಂದ ಎರಡು ಕಾಲು ಹೊರಗೆ ಚಾಚಿದ್ದವು.

“ಯಾರದು ಒಳಗೆ?” ಎಂದು ಕಲ್ಲಿನಾಥ ಕೇಳಿದ.

“ಜಂಬಣ್ಣ” ಎಂದ ಪಕ್ಕದಲ್ಲಿ ನಿಂತಿದ್ದ ಮುದುಕ ಹುಲುಗಪ್ಪ. “ಹರಿಗೋಲು ನಂದು. ತೂತಿದ್ರೆ ಒಳಗಿಂದ ಬಿಸಿಲು ಕಾಣ್ತದೆ.”

“ನಿನ್ನದನ್ನು ನೀನೇ ನೋಡಬಾರದೇ?”

“ನೋಡಿದೀನಿ. ನನ್ನ ಕಣ್ಣಿಗೆ ನನ್ನ ಹರಿಗೋಲು ಯಾವತ್ತೂ ಚೆನ್ನಾಗೇ ಕಾಣ್ತದೆ. ಅದಕ್ಕೆ ಅವನದನ್ನ ನಾನು, ನಂದನ್ನ ಅವನು.”

ಒಳಗಿನಿಂದ ಕೂಗು ಬಂತು. “ಲೇ ಹುಲುಗ್ಯಾ! ಇಲ್ಲಿ ಹೆಬ್ಬೆರಳು ತೂರ್ತದಲ್ಲೋ! ಟಾರು ಹಚ್ಚಿದೆಯೋ, ಕಣ್ಣಿಗೆ ಕಾಡಿಗೆ ಹಚ್ಚಿದೆಯೋ?”

“ನಿನ್ನ ಬೆರಳೇ ತೂತು ಮಾಡಿರಬೇಕು, ಕಳ್ಳ ನನ್ಮಗನೇ!” ಎಂದು ಹುಲುಗಪ್ಪನೂ ಬೈದ. ಬೈಯುತ್ತಲೇ ಟಾರಿನ ಡಬ್ಬಿ ತಂದು ತೂತಿನ ಮೇಲೆ ಬಳಿದ.

“ಸಿಟ್ಟು ಬರಲಿಲ್ಲವೇ?”

“ಬರದೇ ಏನು? ಮಧ್ಯಾಹ್ನದವರೆಗೆ ಅವನ ಮುಖ ನೋಡಲ್ಲ.”

“ಇದನ್ನೆಲ್ಲ ನೋಡಿಕೊಳ್ಳಲು ಮೇಲೊಬ್ಬರು ಇಲ್ಲವೇ?”

ಹುಲುಗಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ. “ಅವನ ಹೆಂಡ್ತಿ ದಿನಾ ನನ್ನ ಹರಿಗೋಲಲ್ಲೇ ಸಂತೆಗೆ ಹೋಗ್ತಾಳೆ ಸ್ವಾಮಿ. ಮೇಲೆ ಇನ್ಯಾರು ಬೇಕು?”

ಸಂಜೆ ಕೂಟ ಸೇರಿತು. ಗುರುಗಳು ದೂರದ ಕಲ್ಲಿನ ಮೇಲೆ ಕೂತರು. ಕಲ್ಲಿನಾಥ ಮೊದಲು ಮಾತಾಡಿದ.

“ಈರಭದ್ರಣ್ಣ, ಬಾಳವ್ವನನ್ನು ನೀನು ಹಿಡಿದಿಟ್ಟುಕೊಂಡಿದ್ದೀಯ. ಸೋಮವಾರ ಅವಳು ಹೋಗಬೇಕು.”

ಚಂಪಕ್ಕ ಮುಂದೆ ಬಾಗಿದಳು. ಇಪ್ಪತ್ತು ವರ್ಷ ಆಲಿಸಿ ಪಳಗಿದವಳು. ದನಿ ಮೆತ್ತಗಿತ್ತು.

“ನಿನ್ನ ಮನಸ್ಸು ಬಹಳ ಭಾರವಾದ ಹಾಗಿದೆ, ಕಲ್ಲಿನಾಥ.”

ಇನ್ನೊಬ್ಬ ತಲೆಯಾಡಿಸಿದ. “ಹೇಳು. ನಾವು ಕೇಳುತ್ತಿದ್ದೇವೆ.”

ಈರಭದ್ರ ಅವನ ಭುಜದ ಮೇಲೆ ಕೈಯಿಟ್ಟ. “ನನ್ನ ಮೇಲೆ ಸಿಟ್ಟು ಬರುವುದು ಸಹಜ ತಮ್ಮಾ.”

ದೂರದಲ್ಲಿ ಗುರುಗಳು ಹಣೆ ಚಚ್ಚಿಕೊಂಡರು.

ಕಲ್ಲಿನಾಥ ಆ ಕೈಯನ್ನು ಕೊಡವಿದ. “ನನಗೇನೂ ಆಗಿಲ್ಲ! ಹರಿಗೋಲಿಗೆ ತೂತು ಬಿದ್ದಿದೆ ಎಂದರೆ ನೀವು ನನ್ನ ತಲೆ ಸವರುತ್ತೀರಿ! ಅವಳಿಗೆ ಮಗಳ ಮದುವೆ ತಪ್ಪಿಹೋಯಿತು. ಈರಭದ್ರಣ್ಣ ಬೇಡವೆಂದ. ನಾವು ನಾಲ್ವರೂ ಸಹಜ, ಸಹಜ ಎಂದೆವು. ಅದು ಸಹಜವಲ್ಲ. ತಪ್ಪು.”

ಈರಭದ್ರನ ಮುಖ ಬಿಗಿಯಿತು. “ತಪ್ಪಿನ ಮಾತು ನೀನು ಆಡುತ್ತೀಯಾ? ನಿನ್ನ ಹತ್ತಿರ ಬಂದ ದ್ಯಾಮಣ್ಣ ತನ್ನ ಅಣ್ಣನ ಸಾವು ಹೇಳಿಕೊಂಡು ಅಳುವಾಗ ಗೊರಕೆ ಹೊಡೆದವನು ಯಾರು?”

“ನಾನು. ಅವತ್ತು ಈ ಮರದ ಕೆಳಗೇ ಹೇಳಿದೆ. ದಣಿವು ಸಹಜ ಎಂದಿರಿ. ನನಗೂ ಹಿತವಾಯಿತು. ಆ ಋಣಕ್ಕೇ ನಿನ್ನ ವಿಷಯಕ್ಕೆ ತಲೆಯಾಡಿಸಿದೆ. ದ್ಯಾಮಣ್ಣ ಆಮೇಲೆ ಬರಲೇ ಇಲ್ಲ. ಯಾಕೆ ಬರಲಿಲ್ಲ ಎಂದು ನಿಮ್ಮಲ್ಲಿ ಒಬ್ಬರಾದರೂ ನನ್ನನ್ನು ಕೇಳಿದಿರಾ?”

ಯಾರೂ “ಹೇಳು, ಕೇಳುತ್ತಿದ್ದೇವೆ” ಎನ್ನಲಿಲ್ಲ.

ಈರಭದ್ರ ಎದ್ದು ಹೋದ. ಶನಿವಾರ ಅವನು ಕಲ್ಲಿನಾಥನೊಡನೆ ಮಾತಾಡಲಿಲ್ಲ. ಭಾನುವಾರವೂ ಇಲ್ಲ. ಊಟಕ್ಕೆ ಕೂತಾಗ ಚಟ್ನಿಯನ್ನು ಚಂಪಕ್ಕನ ಕೈಯಲ್ಲಿ ದಾಟಿಸಿದ.

ಸೋಮವಾರ ಬೆಳಿಗ್ಗೆ ಬಾಳವ್ವ ಗಂಟು ಹಿಡಿದು ಅವನ ಮುಂದೆ ನಿಂತಳು. “ಹೋಗಲೇನಪ್ಪಾ?”

ಈರಭದ್ರ ಅವಳ ಕೈಯಲ್ಲಿದ್ದ ಗಂಟನ್ನು ನೋಡಿದ. “ನನ್ನನ್ನು ಕೇಳಬೇಡವ್ವ. ನನಗೆ ಗೊತ್ತಿಲ್ಲ. ಗೊತ್ತಿದೆ ಅಂದುಕೊಂಡಿದ್ದೆ.”

“ಗೊತ್ತಿಲ್ವಾ?” ಬಾಳವ್ವನ ದನಿ ಏರಿತು. “ಗೊತ್ತಿಲ್ಲದೇನೇ ನನ್ನ ಮಗಳ ಮದುವೆ ತಪ್ಪಿಸಿದೆಯಾ?”

ಅವನು ಕೈಮುಗಿದ. ತಲೆ ಎತ್ತಲಿಲ್ಲ.

ಅವಳು ಕಣ್ಣೊರೆಸಿಕೊಂಡಳು. ಗಂಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿದಳು. ಹುಲುಗಪ್ಪ ಕೈಹಿಡಿದು ಅವಳನ್ನು ಹರಿಗೋಲಿಗೆ ಹತ್ತಿಸಿಕೊಂಡ. ಆಚೆ ದಡ ಮುಟ್ಟುವವರೆಗೂ ಅವಳು ಹಿಂದಿರುಗಿ ನೋಡಲಿಲ್ಲ. ಅವಳ ಹಿಂದೆಯೇ ಇಳಿದು ಬಂದಿದ್ದ ಈರಭದ್ರ ದಡದಲ್ಲಿ ಅಂಬಿಗರ ಬಳಿಯೇ ನಿಂತುಬಿಟ್ಟ.

ಕಲ್ಲಿನಾಥ ಗುರುಗಳ ಬಳಿ ಬಂದು ಕೂತ. ಗುರುಗಳು ಸೊಪ್ಪು ಸೋಸುತ್ತಿದ್ದರು.

“ಅವಳು ಹೋದಳು ಗುರುಗಳೇ.”

“ಕಂಡೆ.”

“ಆದರೆ ಈರಭದ್ರಣ್ಣ ಮೂರು ದಿನದಿಂದ ನನ್ನ ಮುಖ ನೋಡುತ್ತಿಲ್ಲ. ಕೂಟ ಮುರಿದೆನೇನೋ.”

ಗುರುಗಳು ಒಂದು ಕೊಳೆತ ಎಲೆ ಕಿತ್ತು ಎಸೆದರು.

“ನೀವಾದರೂ ಅವನಿಗೆ ಸಮಾಧಾನ ಹೇಳಬಾರದೇ?”

“ಮತ್ತೆ ಶುರುವಾಯಿತೇ ನಿನ್ನದು! ಅವನಿಗೆ ಸಮಾಧಾನ ಯಾಕೆ? ಅವನು ಅಲ್ಲಿ ಜಂಬಣ್ಣನ ಹತ್ತಿರ ದ್ಯಾಮಣ್ಣನ ಊರಿನ ದಾರಿ ಕೇಳುತ್ತಿದ್ದಾನೆ. ಎದ್ದು ಚಪ್ಪಲಿ ಹಾಕಿಕೋ.”